ಯುದ್ಧದ ಸುದ್ದಿಯಲ್ಲಿ ಮೀನುಗಾರರಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಎಲ್ಲೇ ಯುದ್ಧವಾಗಲಿ, ತೈಲ ಹಡಗು, ಸರಕು ಹಡಗುಗಳ ಬಗ್ಗೆ ಪುಟಗಟ್ಟಲೆ ಸುದ್ದಿ ಬರುತ್ತದೆ. ಅದೇ ನೀರಿನಲ್ಲಿ ಬಲೆ ಹಾಕಿ ಕೂತಿರುವವರ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಎರಡನೇ ಮಹಾಯುದ್ಧದ ಒಂದು ಘಟನೆ ಹೇಳುತ್ತೇನೆ. 1940ರ ಮಾರ್ಚ್ 9ರ ರಾತ್ರಿ ಡಬ್ಲಿನ್‌ನ ಲ್ಯೂಕೋಸ್ ಎಂಬ ಟ್ರಾಲರ್ (ಬಲೆ ಎಳೆದು ಮೀನು ಹಿಡಿಯುವ ಬೋಟು) ಐರ್ಲೆಂಡಿನ ವಾಯವ್ಯಕ್ಕೆ, ಟೋರಿ ದ್ವೀಪದಾಚೆ ಕಡಲಲ್ಲಿತ್ತು. ಹತ್ತಿರದಲ್ಲೇ ಬ್ರಿಟಿಷ್ ಟ್ರಾಲರ್‌ಗಳೂ ಇದ್ದವು. ಐರ್ಲೆಂಡ್ ಆ ಯುದ್ಧದಲ್ಲಿ ಯಾರ ಪರವೂ ಇರಲಿಲ್ಲ. ಆದರೂ ಜರ್ಮನಿಯ ಯು-38 ಜಲಾಂತರ್ಗಾಮಿ ಫಿರಂಗಿ ಹಾರಿಸಿ ಅದನ್ನು ಮುಳುಗಿಸಿತು. ಇದ್ದ 11 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಏನಾಯಿತು ಅಂತ ಬಂದು ಹೇಳುವವರೇ ಇಲ್ಲದ ಮೇಲೆ ಮನೆಯವರಿಗೆ ಗೊತ್ತಾಗುವುದಾದರೂ ಹೇಗೆ? ನಿಜ ಸಂಗತಿ ಹೊರಬಂದಿದ್ದು ದಶಕಗಳ ನಂತರ. ಅಷ್ಟರಲ್ಲಿ ಎಷ್ಟು ಅಮ್ಮಂದಿರು ಕಾದು ಕಾದೇ ತೀರಿಹೋಗಿರಬೇಕು.

ಈ ಕಾಯುವುದು ಏನು ಅಂತ ಕರಾವಳಿಯವರಿಗೆ ಚೆನ್ನಾಗಿ ಗೊತ್ತು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು 7 ಮಂದಿಯ ಜೊತೆ ಕಾಣೆಯಾಯಿತು. ಅದು ಯುದ್ಧಕಾಲವಲ್ಲ, ನಿಜ. ಆದರೆ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಹತ್ತಿರ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ವಾಪಸ್ ಬಂದ ಪ್ರತಿ ಬೋಟಿನ ತಾಂಡೇಲರಿಗೂ (ಬೋಟು ನಡೆಸುವವರಿಗೂ) ಒಂದೇ ಪ್ರಶ್ನೆ: ವೈರ್‌ಲೆಸ್‌ನಲ್ಲಿ ಏನಾದ್ರೂ ಕೇಳಿಸ್ತಾ? ಶವ ಸಿಗದಿದ್ದರೆ, ಕಾಣೆಯಾದವರು ಸತ್ತಿದ್ದಾರೆ ಅಂತ ಒಪ್ಪಲು ಕಾನೂನು ಸಾಮಾನ್ಯವಾಗಿ 7 ವರ್ಷ ಕಾಯಿಸುತ್ತದೆ. ಅಲ್ಲಿಯವರೆಗೆ ಕಾಣೆಯಾದವನ ಹೆಂಡತಿ ವಿಧವೆಯೂ ಅಲ್ಲ, ಗಂಡ ಇದ್ದಾನೆ ಅನ್ನುವ ಹಾಗೂ ಇಲ್ಲ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಯುದ್ಧದಲ್ಲಿ ಮೀನುಗಾರಿಕೆ ದೋಣಿಗಳನ್ನು ಹಿಡಿಯಬಾರದು ಅಂತ 1907ರ ಹೇಗ್ ಒಪ್ಪಂದ ಹೇಳುತ್ತದೆ, ಆದರೆ ಅದು ದಡದ ಹತ್ತಿರ ಮೀನು ಹಿಡಿಯುವ ದೋಣಿಗಳಿಗೆ ಮಾತ್ರ. ವಾರಗಟ್ಟಲೆ ಕಡಲಲ್ಲೇ ಇರುವ ನಮ್ಮ ಆಳಸಮುದ್ರ ಬೋಟುಗಳು ಆ ಮಾತಿನೊಳಗೆ ಬರುವುದೇ ಇಲ್ಲ. ಅಪಾಯಕ್ಕೆ ಜಾಸ್ತಿ ಹತ್ತಿರ ಇರುವವರು ಅವರೇ ಅಲ್ವಾ?

ಅದಕ್ಕೇ ಕೇಳುತ್ತಿದ್ದೇನೆ. ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ (ಬೋಟು ಎಲ್ಲಿದೆ ಅಂತ ಉಪಗ್ರಹದ ಮೂಲಕ ತಿಳಿಸುವ ಸಾಧನ) ಪ್ರತಿ ಆಳಸಮುದ್ರ ಬೋಟಿನಲ್ಲೂ ಇರಬೇಕು, ಬರೀ ಕಾಗದದ ಮೇಲಲ್ಲ. ಗಡಿಯಲ್ಲಿ ಬಿಗುವು ಶುರುವಾದ ದಿನವೇ ಎಲ್ಲಿಗೆ ಹೋಗಬಾರದು ಅಂತ ಕನ್ನಡದಲ್ಲಿ, ತುಳುವಿನಲ್ಲಿ ಬೋಟುಗಳಿಗೆ ತಿಳಿಸಬೇಕು. ನೀವೂ ಅಷ್ಟೇ ಸರ್, ಮುಂದಿನ ಸಲ ಕಡಲಿನ ಯುದ್ಧದ ಬಗ್ಗೆ ಬರೆಯುವಾಗ ಎಷ್ಟು ಮೀನುಗಾರರು ವಾಪಸ್ ಬಂದಿಲ್ಲ ಅಂತ ವಿಚಾರಿಸಿ ಹಾಕಿ.

– ಕರಾವಳಿಯ ಓದುಗ, ಉಡುಪಿ ಜಿಲ್ಲೆ