ವಾರ್ಡ್ ಮೈದಾನಕ್ಕಿಳಿಯದ ಶನಿವಾರ

ಆನ್ ಆರ್ಬರ್, ಮಿಶಿಗನ್

ಪ್ರೀತಿಯ ಗೆಳೆಯ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದು ತಲೆಯಲ್ಲೇ ಕೂತುಬಿಟ್ಟಿದೆ. "ಅಲ್ಲ ಮಾರಾಯ, ಅಷ್ಟು ದೊಡ್ಡ ಯೂನಿವರ್ಸಿಟಿ, ಅಷ್ಟೆಲ್ಲ ಸಂಶೋಧನೆ. ಅದಕ್ಕೆ ಲಕ್ಷ ಜನ ಕೂರುವ ಸ್ಟೇಡಿಯಂ ಎಂತಕ್ಕೆ?" ಆಗ ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಈಗ ಬರೀತಿದ್ದೇನೆ, ಉದ್ದವಾದರೆ ಬೇಜಾರು ಮಾಡ್ಕೋಬೇಡ.

ಬಂದ ಹೊಸತರಲ್ಲಿ ನನಗೂ ಹಾಗೇ ಅನಿಸಿತ್ತು. ನನ್ನ ಪಾಲಿಗೆ ಮಿಶಿಗನ್ ವಿಶ್ವವಿದ್ಯಾಲಯ ಅಂದರೆ ರ‍್ಯಾಕಮ್ ಸಭಾಂಗಣ. ಜೋನಾಸ್ ಸಾಲ್ಕ್ ಅವರ ಪೋಲಿಯೊ ಲಸಿಕೆ ಕೆಲಸ ಮಾಡುತ್ತದೆ ಎಂದು ಇಲ್ಲಿನ ವಿಜ್ಞಾನಿ ಥಾಮಸ್ ಫ್ರಾನ್ಸಿಸ್ ಲೋಕಕ್ಕೆ ಹೇಳಿದ್ದು ಅಲ್ಲೇ, 1955ರ ಏಪ್ರಿಲ್ 12ರಂದು. ಸುಮಾರು 18 ಲಕ್ಷ ಮಕ್ಕಳು ಭಾಗವಹಿಸಿದ್ದ ಪರೀಕ್ಷೆಯ ಲೆಕ್ಕವನ್ನೆಲ್ಲ ಕೂಡಿಸಿ, ಅಳೆದು, ತೂಗಿದ್ದೂ ಈ ಊರಿನಲ್ಲೇ. ನಮ್ಮ ಕ್ಲಾಸಿನಲ್ಲಿ ಕೈಯಿಂದ ಮೊಣಕಾಲು ಒತ್ತಿಕೊಂಡು ನಡೆಯುತ್ತಿದ್ದ ಹುಡುಗ ನೆನಪಿದ್ದಾನಲ್ಲ? ಆ ಕಟ್ಟಡದ ಮುಂದೆ ಹಾಯುವಾಗಲೆಲ್ಲ ಅವನ ನೆನಪಾಗಿ ನನ್ನ ಹೆಜ್ಜೆ ನಿಧಾನವಾಗುತ್ತದೆ.

ಆಮೇಲೆ ಒಂದು ಶನಿವಾರ ಲ್ಯಾಬಿನವರು ಎಳೆದುಕೊಂಡು ಹೋಗಿ ಸ್ಟೇಡಿಯಂ ತೋರಿಸಿದರು. ಬೇಲೂರಿನ ಕಲ್ಯಾಣಿ ನೆನೆಸಿಕೋ. ಹಾಗೇ, ನೆಲದ ಮಟ್ಟದಲ್ಲಿ ಒಳಗೆ ಕಾಲಿಟ್ಟರೆ ಮೆಟ್ಟಿಲುಗಳೆಲ್ಲ ಕೆಳಕ್ಕೆ, ಕೆಳಕ್ಕೆ ಇಳಿಯುತ್ತವೆ. ಮುಕ್ಕಾಲು ಪಾಲು ನೆಲದ ಒಳಗೇ ಇದೆ. 1927ರಲ್ಲಿ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕ ಫೀಲ್ಡಿಂಗ್ ಯೋಸ್ಟ್ ಕಟ್ಟಿಸಿದಾಗ 72,000 ಜನಕ್ಕೆ ಜಾಗವಿತ್ತು, ಈಗ 1,07,601. ಊರಿನ ಜನಸಂಖ್ಯೆಯೇ ಒಂದೂಕಾಲು ಲಕ್ಷದಷ್ಟು! ಕೋವಿಡ್ ವರ್ಷ ಬಿಟ್ಟರೆ 1975ರ ಕೊನೆಯಿಂದ ಇಲ್ಲಿ ನಡೆದ ಪ್ರತಿ ಫುಟ್‌ಬಾಲ್ ಪಂದ್ಯಕ್ಕೂ ಲಕ್ಷ ಮೀರಿ ಜನ ಸೇರಿದ್ದಾರೆ. ಇದು ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ. ತಂಡದ ಬಣ್ಣ ನೀಲಿ ಮತ್ತು 'ಮೇಜ್', ಅಂದರೆ ನಮ್ಮ ಮೆಕ್ಕೆಜೋಳದ ಹಳದಿ. ಹೆಚ್ಚಿನ ಕಡೆ ಕುರ್ಚಿಗಳಿಲ್ಲ, ಉದ್ದನೆಯ ಬೆಂಚುಗಳು, ಒಬ್ಬೊಬ್ಬರಿಗೂ ಗೀಟು ಹಾಕಿದ ಒಂದು ಗೇಣು ಜಾಗ. ಚಳಿಗೆ ದಪ್ಪ ಕೋಟು ಹಾಕಿಕೊಂಡವರು ಅದರಲ್ಲಿ ಹಿಡಿಸುವುದಿಲ್ಲ, ಹೆಗಲಿಗೆ ಹೆಗಲು ಒತ್ತಿಕೊಂಡೇ ಕೂರಬೇಕು. ಆವತ್ತು ಪಕ್ಕದಲ್ಲಿದ್ದ ಅಜ್ಜ ಗ್ಲೌಸ್ ಬಿಚ್ಚಿ, ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ, ಗುರುತಿಲ್ಲದ ನನ್ನ ಕೈಗೆ ಕೊಟ್ಟ. ವಿದ್ಯಾರ್ಥಿಯಾಗಿದ್ದಾಗಿನಿಂದ ಬರುತ್ತಿದ್ದಾನಂತೆ. ಇಲ್ಲಿನ ಈಜು, ಜಿಮ್ನಾಸ್ಟಿಕ್ಸ್, ಹುಡುಗಿಯರ ಸಾಫ್ಟ್‌ಬಾಲ್ ತಂಡಗಳ ಖರ್ಚೂ ಬಹುಪಾಲು ಈ ಆಟದ ದುಡ್ಡಿನಿಂದಲೇ ಹುಟ್ಟುತ್ತದೆ, ಅದೂ ನಿನ್ನ ಪ್ರಶ್ನೆಗೆ ಒಂದು ಉತ್ತರವೇ.

ಆದರೆ ನಾನು ಹೇಳಬೇಕೆಂದಿದ್ದು ವಿಲ್ಲಿಸ್ ವಾರ್ಡ್ ಕಥೆ.

1930ರ ದಶಕದಲ್ಲಿ ಈ ತಂಡದಲ್ಲಿದ್ದ ಒಬ್ಬನೇ ಕಪ್ಪು ಹುಡುಗ ಅವನು. ಓಟದಲ್ಲಿ ಎಂಥ ಗಟ್ಟಿಗ ಅಂದರೆ, 1935ರಲ್ಲಿ, ಮರುವರ್ಷ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದ ಜೆಸ್ಸಿ ಓವೆನ್ಸ್‌ನನ್ನೇ ಸೋಲಿಸಿದ್ದ. 1934ರಲ್ಲಿ ಅಮೆರಿಕದ ದಕ್ಷಿಣ ಭಾಗದ ಜಾರ್ಜಿಯಾ ಟೆಕ್ ಕಾಲೇಜಿನ ತಂಡ ಇಲ್ಲಿಗೆ ಆಡಲು ಬರಬೇಕಿತ್ತು. ವಾರ್ಡ್ ಮೈದಾನಕ್ಕಿಳಿದರೆ ತಾವು ಆಡುವುದಿಲ್ಲ ಎಂದರು. ಇಲ್ಲಿನ ವಿದ್ಯಾರ್ಥಿಗಳು ಸಹಿ ಸಂಗ್ರಹಿಸಿದರು, ಸಭೆ ಮಾಡಿದರು, ಪ್ರತಿಭಟಿಸಿದರು. ಆದರೂ ವಿಶ್ವವಿದ್ಯಾಲಯ ಮಣಿಯಿತು. ಜಾರ್ಜಿಯಾ ಟೆಕ್‌ನವರೂ ಒಬ್ಬ ಆಟಗಾರನನ್ನು ಹೊರಗಿಟ್ಟು ಲೆಕ್ಕ ಸರಿಮಾಡಿಕೊಂಡರು, ಅಂಗಡಿಯಲ್ಲಿ ಚಿಲ್ಲರೆ ಸರಿಮಾಡಿದ ಹಾಗೆ. ಓದುವಾಗ ನನಗೆ ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂತು.

ಅದೇ ತಂಡದಲ್ಲಿ ಸೆಂಟರ್ ಸ್ಥಾನದಲ್ಲಿ ಆಡುತ್ತಿದ್ದವನು ಜೆರಾಲ್ಡ್ ಫೋರ್ಡ್. ಹೌದು, ಮುಂದೆ ಅಮೆರಿಕದ ಅಧ್ಯಕ್ಷನಾದವನೇ. ಇಬ್ಬರೂ ಸ್ನೇಹಿತರು. ವಾರ್ಡ್ ಇಲ್ಲದಿದ್ದರೆ ನಾನೂ ಆಡುವುದಿಲ್ಲ ಎಂದು ಫೋರ್ಡ್ ಹೊರಟಿದ್ದ. ಆಡು ಎಂದು ಒತ್ತಾಯಿಸಿದವನು ವಾರ್ಡ್. ಅಕ್ಟೋಬರ್ 20ರ ಶನಿವಾರ ಮಿಶಿಗನ್ 9–2ರಿಂದ ಗೆದ್ದಿತು. ಎಂಟು ಪಂದ್ಯಗಳ ಆ ವರ್ಷದಲ್ಲಿ ಗೆದ್ದದ್ದು ಅದೊಂದೇ. ಉಳಿದ ಏಳರಲ್ಲಿ ತಂಡ ಗಳಿಸಿದ್ದು ಬರೀ 12 ಅಂಕ, ಅಷ್ಟೂ ವಾರ್ಡ್‌ನವೇ.

ವಾರ್ಡ್ ಆಮೇಲೆ ಕಾನೂನು ಓದಿದ, ನ್ಯಾಯಾಧೀಶನಾದ. ಆದರೆ ಆಡುವ ಹುಮ್ಮಸ್ಸು ಆ ದಿನವೇ ಹೋಯಿತು ಎಂದು ಅವನೇ ಹೇಳಿಕೊಂಡಿದ್ದಾನೆ. ಒಲಿಂಪಿಕ್ಸ್‌ಗೆ ಹೋಗುವ ತಾಕತ್ತಿದ್ದವನು, ಹೋಗಲಿಲ್ಲ. 1999ರಲ್ಲಿ, ಜನಾಂಗವನ್ನೂ ಗಣನೆಗೆ ತೆಗೆದುಕೊಳ್ಳುವ ಇದೇ ವಿಶ್ವವಿದ್ಯಾಲಯದ ಪ್ರವೇಶ ನೀತಿಯ ವಿರುದ್ಧ ಕೋರ್ಟಿನಲ್ಲಿ ಮೊಕದ್ದಮೆ ನಡೆಯುತ್ತಿದ್ದಾಗ, ಎಂಬತ್ತಾರರ ಫೋರ್ಡ್ ಪತ್ರಿಕೆಗೆ ಲೇಖನ ಬರೆದ. ಹಿಂದುಳಿದವರಿಗೆ ಬಾಗಿಲು ಮುಚ್ಚಬೇಡಿ ಎಂದು ವಾರ್ಡ್‌ನ ಹೆಸರು ಹಿಡಿದೇ ಬರೆದ. ಅರವತ್ತೈದು ವರ್ಷ ಎದೆಯಲ್ಲಿಟ್ಟುಕೊಂಡಿದ್ದನಲ್ಲ!

ಈಗ ಗೊತ್ತಾಯಿತೇ, ಯಾಕೆ ಬರೆಯುತ್ತಿದ್ದೇನೆ ಅಂತ? ಅಂತರ ಕಾಲೇಜು ಖೋ-ಖೋ ಪಂದ್ಯದ ಹಿಂದಿನ ಸಂಜೆ ಪಟ್ಟಿಯಿಂದ ನಿನ್ನ ಹೆಸರು ಹೊಡೆದರು. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಸಾಗರದ ಬಸ್ ಸ್ಟ್ಯಾಂಡಿನಲ್ಲಿ ನೀನು ಶೂಗಳ ಲೇಸು ಒಂದಕ್ಕೊಂದು ಗಂಟುಹಾಕಿ ಹೆಗಲಿಗೆ ಹಾಕಿಕೊಂಡು ಕೂತಿದ್ದೆ. "ನೀ ಹೋಗಿ ಆಡು" ಅಂದೆ. ನಾನು ಹೋದೆ. ಫೋರ್ಡ್‌ನ ಹಾಗೆ ಆಡೋದಿಲ್ಲ ಅನ್ನುವ ಮಾತೂ ನನ್ನ ಬಾಯಿಂದ ಬರಲಿಲ್ಲ. ಅದಾದ ಮೇಲೆ ನೀನು ಮೈದಾನಕ್ಕೆ ಬರಲೇ ಇಲ್ಲ. ಕ್ಷಮಿಸು ಎಂದು ಇಷ್ಟು ವರ್ಷ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಈ ಸ್ಟೇಡಿಯಂನಲ್ಲಿ ಆಟಗಾರರು ಬರುವುದಕ್ಕೆ ಒಂದೇ ಸುರಂಗ, ಎರಡೂ ತಂಡದವರು ಅದರಿಂದಲೇ ಬರಬೇಕು. ಬ್ಯಾಂಡು ಶುರುವಾಗಿ ಜನರೆಲ್ಲ ಎದ್ದು ನಿಂತಾಗ ನಾನು ಆ ಬಾಯಿಯನ್ನೇ ನೋಡುತ್ತಿರುತ್ತೇನೆ.

ನಿನ್ನ ಮಗಳು ಖೋ-ಖೋ ಸೇರಿದ್ದಾಳೆ ಅಂದೆಯಲ್ಲ. ಅವಳ ಪಂದ್ಯದ ದಿನ ತಿಳಿಸು. ಇಲ್ಲಿ ನಡುರಾತ್ರಿಯಾದರೂ ಸರಿ, ವಿಡಿಯೊ ಹಾಕು, ನೋಡುತ್ತೇನೆ.

ಇಂತಿ ನಿನ್ನ,
ಹಳೆಯ ಬೆಂಚಿನ ಗೆಳೆಯ