ತಲೆಪೆಟ್ಟಿಗೆ ಔಷಧಿ ಯಾಕಿಲ್ಲ ಅಂತ ಕೇಳಿದೆಯಲ್ಲ

ಪ್ರೀತಿಯ ದೋಸ್ತ,

"ಹಾರ್ಟಿಗೆ ಸ್ಟೆಂಟ್ ಇದೆ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಇದೆ, ತಲೆಗೆ ಪೆಟ್ಟು ಬಿದ್ದವರಿಗೆ ಒಂದು ಇಂಜೆಕ್ಷನ್ ಇಲ್ಲವಾ?" ಎಂದು ಕೇಳಿದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಮನೆಯಂಥ ಮನೆಗಳು ಇನ್ನೂ ಬಹಳ ಇವೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವಂತೆ ಹಾಕುತ್ತೇನೆ. ನೀನೇ ಹೂಂ ಅಂದಿದ್ದೀಯ.

ಮೊದಲು ಪುಡಿ ಮಾರುವ ಆ ವಿಡಿಯೊ ವಿಷಯ. ಡಬ್ಬಿಗೆ ಎಂಟು ಸಾವಿರ ರೂಪಾಯಿ, ಸತ್ತ ನರ ಮತ್ತೆ ಚಿಗುರುತ್ತದಂತೆ. ದಯವಿಟ್ಟು ತರಿಸಬೇಡ. ಬೇಡ ಅನ್ನುವುದಕ್ಕೆ ಕಾರಣ ಹೇಳಬೇಕೆಂದರೆ ಅಮೆರಿಕದ ಡೊನಾಲ್ಡ್ ಸ್ಟೈನ್ ಎಂಬ ವಿಜ್ಞಾನಿಯ ಕಥೆ ಹೇಳಬೇಕು. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೋ.

ಅದಕ್ಕೂ ಮೊದಲು ನಿನ್ನ ತಮ್ಮನಿಗೆ ಆಗಿದ್ದೇನು ನೋಡು. ಕಬ್ಬಿನ ಸೀಸನ್, ರಾತ್ರಿ ಹೊತ್ತು, ಮುಧೋಳದ ರಸ್ತೆ. ಪಂಕ್ಚರ್ ಆಗಿ ನಿಂತ ಎರಡು ಟ್ರೇಲರ್, ಅವಕ್ಕೆ ಅವನ ಬೈಕ್ ಗುದ್ದಿತು. ಹಿಂದೆ ಲೈಟಿಲ್ಲ, ರೇಡಿಯಂ ಸ್ಟಿಕ್ಕರ್ ಇಲ್ಲ. ಹೆಲ್ಮೆಟ್ ಮನೆಯ ಗೂಟದಲ್ಲಿ. ನಾನು ಬೈಯುವುದಿಲ್ಲ, ಆ ಕೆಲಸ ಅವ್ವ ಮಾಡಿದ್ದಾಳೆ. ಆದರೆ ನವನಗರದ ನನ್ನ ಫಿಜಿಯೊಥೆರಪಿ ರೂಮಿಗೆ ಪ್ರತಿ ಸೀಸನ್ನಿನಲ್ಲೂ ಇಂಥದ್ದೇ ಕಥೆ ಹೊತ್ತು ಬರುವವರಿದ್ದಾರೆ. ನಿಮ್ಮ ಟ್ರೇಲರಿಗೆ ಸ್ಟಿಕ್ಕರ್ ಹಚ್ಚಿಸಿದೆಯಾ?

ಮಿದುಳು ಗಟ್ಟಿ ಮೊಸರಿನ ಹಾಗೆ ಮೆತ್ತಗಿರುವ ವಸ್ತು. ತಲೆಬುರುಡೆ ಒಡೆಯದಿದ್ದರೂ ಒಳಗೆ ಅದು ಹರಿದು ಗಾಯವಾಗಬಹುದು. ಇದನ್ನು ಚೆನ್ನಾಗಿ ತೋರಿಸಿದವನು ಹೋಲ್ಬರ್ನ್ ಅಂತ ಆಕ್ಸ್‌ಫರ್ಡಿನ ಒಬ್ಬ ಭೌತವಿಜ್ಞಾನಿ. ಜೆಲಾಟಿನ್ನಿಂದ ಮಿದುಳಿನ ಮಾದರಿ ಮಾಡಿ, ಅದನ್ನು ತಟ್ಟನೆ ತಿರುಗಿಸಿ ನೋಡಿದ. ನೇರ ಹೊಡೆತಕ್ಕಿಂತ ತಲೆ ತಿರುಚಿಕೊಂಡಾಗಲೇ ಒಳಗೆ ಜಾಸ್ತಿ ಎಳೆತ ಎಂದು 1943ರಲ್ಲಿ ಬರೆದ. ಅವನನ್ನು ಈ ಕೆಲಸಕ್ಕೆ ಹಚ್ಚಿದ್ದು ಹ್ಯೂ ಕೇರ್ನ್ಸ್ ಎಂಬ ಸರ್ಜನ್. 1935ರಲ್ಲಿ 'ಲಾರೆನ್ಸ್ ಆಫ್ ಅರೇಬಿಯಾ' ಎಂದು ಹೆಸರಾಗಿದ್ದ ಟಿ.ಇ. ಲಾರೆನ್ಸ್ ಮೋಟಾರ್‌ಸೈಕಲ್ಲಿನಿಂದ ಬಿದ್ದು, ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ಸತ್ತಾಗ ನೋಡಿದ ಡಾಕ್ಟರರಲ್ಲಿ ಕೇರ್ನ್ಸ್ ಒಬ್ಬ. ಮುಂದೆ ಬೈಕ್ ಸವಾರರ ತಲೆಪೆಟ್ಟಿನ ಲೆಕ್ಕ ಕಲೆಹಾಕಿ, 1941ರಲ್ಲಿ ಹೆಲ್ಮೆಟ್ ಬಗ್ಗೆ ಬರೆದ. ತಲೆಪೆಟ್ಟಿನ ಇಡೀ ಸಂಶೋಧನೆಯಲ್ಲಿ ಅತಿ ಹೆಚ್ಚು ಜೀವ ಉಳಿಸಿದ್ದು ಬಹುಶಃ ಇದೇ ಇರಬೇಕು. ಔಷಧಿ ಅಲ್ಲ, ಟೊಪ್ಪಿಗೆ!

ಪೆಟ್ಟು ಬಿದ್ದ ಕ್ಷಣದಲ್ಲಿ ಆದ ಗಾಯಕ್ಕೆ ಯಾರೂ ಏನೂ ಮಾಡಲಿಕ್ಕಾಗುವುದಿಲ್ಲ. ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಮುಂದಿನ ಗಂಟೆಗಳಲ್ಲಿ, ದಿನಗಳಲ್ಲಿ, ಗಾಯಗೊಂಡ ಜೀವಕೋಶಗಳಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಮಿತಿ ಮೀರಿ ಸುರಿಯುತ್ತದೆ. ಪಕ್ಕದ ಜೀವಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಅವೂ ಸಾಯುತ್ತವೆ. ಮಿದುಳು ಊದಿಕೊಳ್ಳುತ್ತದೆ. ಊದಲಿಕ್ಕೆ ಜಾಗ ಎಲ್ಲಿದೆ? ಬುರುಡೆ ಎಲುಬು, ಹಿಗ್ಗುವುದಿಲ್ಲ. ಒತ್ತಡ ಏರಿದರೆ ರಕ್ತ ಮೇಲೆ ಹೋಗುವುದಿಲ್ಲ. ಅದಕ್ಕೇ ಸರ್ಜನ್ ಒಂದು ಪಕ್ಕದ ಎಲುಬು ತೆಗೆದು, ಕೆಡದಿರಲಿ ಎಂದು ಹೊಟ್ಟೆಯ ಚರ್ಮದ ಕೆಳಗೆ ಇಟ್ಟಿದ್ದು. "ಮಗನ ತಲಿ ಎಲುಬು ಹೊಟ್ಟ್ಯಾಗ ಇಟ್ಟಾರಲ್ಲೋ" ಎಂದು ಅವ್ವ ಅತ್ತಿದ್ದು ಸಹಜ. ಅದು ಹುಚ್ಚಾಟ ಅಲ್ಲ, ನಮ್ಮ ಕಡೆ ರೂಢಿಯಲ್ಲಿರುವ ಪದ್ಧತಿ ಎಂದು ಹೇಳು.

ಔಷಧಿ ಕೆಲಸ ಮಾಡಬಹುದಾದರೆ ಪೆಟ್ಟಿನ ನಂತರದ ದಿನಗಳಲ್ಲಿ ಆಗುವ ಈ ಎರಡನೆಯ ಗಾಯದ ಮೇಲೆ. ಡೊನಾಲ್ಡ್ ಸ್ಟೈನ್ ತನ್ನ ಆಯುಷ್ಯದ ಬಹುಪಾಲು ಕಳೆದದ್ದು ಇಲ್ಲೇ. ಅವನು ಕೆಲಸ ಶುರು ಮಾಡಿದಾಗ, ಬೆಳೆದ ಮಿದುಳು ಒಮ್ಮೆ ಕೆಟ್ಟರೆ ಕೆಟ್ಟಿತು ಎಂಬ ನಂಬಿಕೆ ಗಟ್ಟಿಯಾಗಿತ್ತು. 1969ರಲ್ಲಿ ಅವನೂ ಅವನ ಜೊತೆಗಾರರೂ ಇಲಿಗಳ ಮೇಲೆ ಮಾಡಿದ ಒಂದು ಪ್ರಯೋಗ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಮಿದುಳಿನ ಎರಡೂ ಪಕ್ಕಕ್ಕೆ ಒಂದೇ ಸಲ ಗಾಯ ಮಾಡಿದರೆ ಇಲಿ ಕಲಿಯಲಾರದು. ಅಷ್ಟೇ ಗಾಯವನ್ನು ಎರಡು ಕಂತಿನಲ್ಲಿ, ನಡುವೆ ದಿನ ಬಿಟ್ಟು ಮಾಡಿದರೆ ಇಲಿ ಹೆಚ್ಚುಕಡಿಮೆ ಚೆನ್ನಾಗಿಯೇ ಇರುತ್ತದೆ! ನಡುವಿನ ದಿನಗಳಲ್ಲಿ ಮಿದುಳು ಏನೋ ಹೊಂದಿಸಿಕೊಂಡಿದೆ ಎಂದಾಯಿತು. ನನಗೆ ಅವನ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದು.

ಆಮೇಲೆ ಇನ್ನೊಂದು ಕಣ್ಣಿಗೆ ಬಿತ್ತು. ಒಂದೇ ಥರದ ಪೆಟ್ಟು ಬಿದ್ದರೂ ಕೆಲವು ಹೆಣ್ಣಿಲಿಗಳು ಗಂಡಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುತ್ತಿದ್ದವು. ಯಾಕೆಂದು ಹುಡುಕಿದರೆ ಪ್ರೊಜೆಸ್ಟರಾನ್. ಗರ್ಭ ನಿಲ್ಲಲಿಕ್ಕೆ ಬೇಕಾದ ಹಾರ್ಮೋನ್. ಗಂಡಿಲಿಗೆ ಚುಚ್ಚಿದರೂ ಮಿದುಳಿನ ಊತ ಇಳಿಯಿತು. ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ ಅವನ ಗುಂಪು ಇದರ ಬೆನ್ನು ಹತ್ತಿತು. ಹಳೆಯ ಔಷಧಿ, ಅಗ್ಗ, ಡಾಕ್ಟರರಿಗೆ ಗೊತ್ತಿರುವಂಥದ್ದು. 100 ರೋಗಿಗಳ ಮೇಲೆ ನಡೆದ ಸಣ್ಣ ಪರೀಕ್ಷೆಯ ಫಲ 2007ರಲ್ಲಿ ಬಂತು. 30 ದಿನಗಳೊಳಗೆ ಸತ್ತವರು ಔಷಧಿ ಇಲ್ಲದ ಗುಂಪಿನಲ್ಲಿ ನೂರಕ್ಕೆ 30, ಔಷಧಿ ಪಡೆದವರಲ್ಲಿ 13. ಮರುವರ್ಷ ಚೀನಾದಿಂದಲೂ ಒಳ್ಳೆಯ ಸುದ್ದಿ. ನೀನಾಗಿದ್ದರೆ ಆ ಹೊತ್ತಿಗೆ ಊರಿಗೆಲ್ಲ ಪೇಢೆ ಹಂಚುತ್ತಿದ್ದೆ.

2014ರಲ್ಲಿ ಎರಡು ದೊಡ್ಡ ಪರೀಕ್ಷೆಗಳ ಫಲ ಒಟ್ಟಿಗೆ ಪ್ರಕಟವಾಯಿತು. ಒಂದು 882 ರೋಗಿಗಳ ಮೇಲೆ ನಡೆದದ್ದು. ಮುಂದುವರಿಸಿ ಪ್ರಯೋಜನವಿಲ್ಲ ಎಂದು ಅದನ್ನು ನಡುವೆಯೇ ನಿಲ್ಲಿಸಬೇಕಾಗಿತ್ತು. ಔಷಧಿ ಪಡೆದವರಲ್ಲಿ ಚೇತರಿಸಿಕೊಂಡವರು ನೂರಕ್ಕೆ 51, ಪಡೆಯದವರಲ್ಲಿ 55.5. ಇನ್ನೊಂದು ಹಲವು ದೇಶಗಳ ಸುಮಾರು 1,200 ರೋಗಿಗಳದ್ದು. ಅಲ್ಲೂ ಎರಡೂ ಗುಂಪು ಸಮಸಮ. ಮುಗಿಯಿತು.

ಯಾಕೆ ಹೀಗಾಯಿತು ಎಂಬುದರ ಮೇಲೆ ಜಗಳ ಇನ್ನೂ ಇದೆ. ನನಗೆ ಅನ್ನಿಸುವುದು ಇಷ್ಟು. ಲ್ಯಾಬಿನ ಇಲಿಗಳು ಒಂದೇ ತಳಿ, ಒಂದೇ ವಯಸ್ಸು, ಅಳೆದು ಕೊಟ್ಟ ಒಂದೇ ಪೆಟ್ಟು. ಮನುಷ್ಯರು ಹಾಗಾ? ಒಬ್ಬ ಕುಡಿದು ಬಿದ್ದಿರುತ್ತಾನೆ, ಒಬ್ಬರಿಗೆ ಎಪ್ಪತ್ತು ವರ್ಷ. ಒಬ್ಬನಿಗೆ ಬುರುಡೆಯ ಕೆಳಗೆ ರಕ್ತ ಹೆಪ್ಪುಗಟ್ಟಿರುತ್ತದೆ, ಇನ್ನೊಬ್ಬನಿಗೆ ಸ್ಕ್ಯಾನಿನಲ್ಲಿ ಏನೂ ಕಾಣದೆ ಒಳಗಿನ ನರದ ಎಳೆಗಳು ಹರಿದಿರುತ್ತವೆ. ಇವರನ್ನೆಲ್ಲ ಗ್ಲಾಸ್ಗೋ ಕೋಮಾ ಸ್ಕೇಲಿನ ಒಂದು ಅಂಕಿಯಿಂದ ಗುಂಪು ಮಾಡಿ ಒಂದೇ ಔಷಧಿ ಕೊಟ್ಟರು. ಆ ಸ್ಕೇಲ್ ಒಳ್ಳೆಯದೇ. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಮಾಡಿದ್ದು. ಕಣ್ಣು ತೆರೆಯುತ್ತಾನಾ, ಮಾತಾಡುತ್ತಾನಾ, ಕೈಕಾಲು ಆಡಿಸುತ್ತಾನಾ ಎಂದು ನೋಡಿ 3ರಿಂದ 15ರವರೆಗೆ ಅಂಕ ಕೊಡುವುದು, ಅಂಕ ಕಡಿಮೆಯಾದಷ್ಟೂ ಸ್ಥಿತಿ ಗಂಭೀರ. ನಿನ್ನ ತಮ್ಮನ ಚೀಟಿಯಲ್ಲೂ ಇದೆ ನೋಡು, ಜಿಸಿಎಸ್ 7 ಎಂದು. ಎಷ್ಟು ಗಂಭೀರ ಎಂದು ಅದು ಹೇಳುತ್ತದೆ, ಯಾವ ಥರದ ಗಾಯ ಎಂದು ಹೇಳುವುದಿಲ್ಲ.

ಸ್ಟೈನ್ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಮರುವರ್ಷವೇ ಸೋಲಿನಿಂದ ಏನು ಕಲಿಯಬೇಕು ಎಂದು ಲೇಖನ ಬರೆದ. ಡೋಸ್ ಸರಿಯಿತ್ತಾ, ಚೇತರಿಕೆ ಅಳೆದ ರೀತಿ ಸರಿಯಿತ್ತಾ ಎಂದು ಕೇಳಿದ. ತನ್ನ ಔಷಧಿಯ ಮೇಲಿನ ಮಮಕಾರವೂ ಅದರಲ್ಲಿ ಇರಬಹುದು, ಇಲ್ಲ ಎನ್ನುವುದಿಲ್ಲ. ಆದರೂ ಪರೀಕ್ಷೆಗೆ ಒಡ್ಡಿದ, ಫಲ ಎಲ್ಲರ ಮುಂದೆ ಬಂತು.

ಆ ಪುಡಿಯವರು ಯಾವ ಪರೀಕ್ಷೆಗೆ ಒಡ್ಡಿದ್ದಾರೆ? ಸರಿಯಾಗಿ ಪರೀಕ್ಷೆ ಮಾಡದೆ ಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೂ ಉದಾಹರಣೆ ಇದೆ. ತಲೆಪೆಟ್ಟಿಗೆ ಸ್ಟೀರಾಯ್ಡ್ ಕೊಡುವುದು 30 ವರ್ಷಕ್ಕೂ ಮೇಲೆ ನಡೆದುಕೊಂಡು ಬಂದಿತ್ತು. 'ಕ್ರ್ಯಾಶ್' ಎಂಬ ಪರೀಕ್ಷೆಯಲ್ಲಿ 10,008 ರೋಗಿಗಳನ್ನು ನೋಡಿದರು. 2004ರಲ್ಲಿ ಫಲ ಬಂತು: ಸ್ಟೀರಾಯ್ಡ್ ಪಡೆದವರಲ್ಲೇ ಸಾವು ಜಾಸ್ತಿ. ಒಳ್ಳೆಯದಾಗಲಿ ಎಂದು ಕೊಟ್ಟವರೇ ಎಲ್ಲರೂ.

ಇನ್ನು ಅವನ ಸಿಟ್ಟು. ತಾಟು ಒಗೆಯುತ್ತಾನೆ, ವೈನಿಗೆ, ಅಂದರೆ ಅತ್ತಿಗೆಗೆ, ಬಾಯಿಗೆ ಬಂದಂತೆ ಮಾತಾಡುತ್ತಾನೆ ಎಂದೆ. ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದರೆ ಸಿಟ್ಟಿಗೆ ಲಗಾಮು ಹಾಕುವ ಶಕ್ತಿಯೇ ಕಡಿಮೆಯಾಗುತ್ತದೆ. ಸೊಕ್ಕು ಅಲ್ಲ. 1848ರಲ್ಲಿ ಫಿನಿಯಸ್ ಗೇಜ್ ಎಂಬ ಅಮೆರಿಕದ ರೈಲು ರಸ್ತೆ ಕೆಲಸಗಾರನ ತಲೆಯೊಳಗಿಂದ ಕಬ್ಬಿಣದ ಸರಳು ತೂರಿ ಹೊರಗೆ ಬಿತ್ತು. ಬದುಕಿದ, ಆದರೆ ಬೇರೆಯೇ ಮನುಷ್ಯನಾದ ಎಂದು ಪುಸ್ತಕಗಳಲ್ಲಿ ಹೇಳಿ ಬಿಟ್ಟುಬಿಡುತ್ತಾರೆ. ಮುಂದಿನ ಭಾಗ ಯಾರೂ ಹೇಳುವುದಿಲ್ಲ. ಅವನು ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ. ದಿನಾ ಅದೇ ಹೊತ್ತು, ಅದೇ ಕೆಲಸ. ಆ ಶಿಸ್ತೇ ಅವನನ್ನು ದಾರಿಗೆ ತಂದಿರಬೇಕು ಎಂದು ಅವನ ಚರಿತ್ರೆ ಕೆದಕಿದವರು ಹೇಳುತ್ತಾರೆ.

ನಿನ್ನ ತಮ್ಮನಿಗೂ ಹಾಗೆಯೇ ಮಾಡು. ಎದ್ದೇಳುವುದು, ಊಟ, ನಡಿಗೆ, ನಿದ್ದೆ ಎಲ್ಲ ಹೊತ್ತಿಗೆ ಸರಿಯಾಗಿ. ಎಮ್ಮೆಗೆ ಮೇವು ಹಾಕುವ ಲೆಕ್ಕ ಅವನೇ ಇಡಲಿ. ಇಲಿಯ ಮಾತು ಮನುಷ್ಯನಿಗೆ ಹಾಗೇ ನಡೆಯುವುದಿಲ್ಲ ಎಂದು ಈಗ ತಾನೇ ಬರೆದೆ, ಗೊತ್ತು. ಆದರೆ ಬೆಳೆದ ಮಿದುಳೂ ಹೊಸದಾಗಿ ಹೊಂದಿಸಿಕೊಳ್ಳುತ್ತದೆ ಎಂಬುದನ್ನು ಇವತ್ತು ಹೆಚ್ಚಿನವರು ಒಪ್ಪುತ್ತಾರೆ. ನಾನು ರೂಮಿನಲ್ಲಿ ಮಾಡಿಸುವ ಕಸರತ್ತೆಲ್ಲ ಅದನ್ನೇ ನೆಚ್ಚಿಕೊಂಡಿದ್ದು. ಎಷ್ಟು ಚೇತರಿಸಿಕೊಳ್ಳುತ್ತಾನೆ ಎಂದು ಮಾತ್ರ ಕೇಳಬೇಡ, ಸುಮ್ನೆ ಏನೋ ಹೇಳಲಾರೆ.

ಫಿಟ್ಸ್ ಮಾತ್ರೆಯನ್ನು ಡಾಕ್ಟರ್ ಹೇಳದೆ ನಿಲ್ಲಿಸಬೇಡ. ಗಾಡಿಯ ಕೀಲಿ ಕೊಡಬೇಡ. ಎಲುಬು ಇಲ್ಲದ ಪಕ್ಕಕ್ಕೆ ಮಲಗಿಸಬೇಡ, ಮಕ್ಕಳು ಅವನ ಮೈಮೇಲೆ ಹಾರದಂತೆ ನೋಡಿಕೋ. ಎಲುಬು ಮತ್ತೆ ಕೂಡಿಸುವುದು ಯಾವಾಗ ಎಂದು ಸರ್ಜನ್ನರನ್ನು ಕೇಳಿ ಬರೆದುಕೋ. ಮಂಗಳವಾರ ಮಧ್ಯಾಹ್ನದ ಮೇಲೆ ಅವನನ್ನು ಕರೆದುಕೊಂಡು ಬಾ, ಬೆಳಗ್ಗೆ ರಶ್ ಜಾಸ್ತಿ. ಸಿಟಿ ಸ್ಕ್ಯಾನ್ ಫಿಲ್ಮು, ಡಿಸ್ಚಾರ್ಜ್ ಚೀಟಿ ಎರಡೂ ಇರಲಿ. ವೈನಿಯೂ ಬರಲಿ, ಅವರ ಜೊತೆ ಸ್ವಲ್ಪ ಮಾತಾಡಬೇಕು.

ನಿನ್ನವ,
ನವನಗರ, ಬಾಗಲಕೋಟೆ