ನೀರು ಎಲ್ಲಿಂದ ಬಂತು ಅಂತ ಕೇಳು

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. ಮೊದಲ ಹಡಗು, ಮೊದಲ ಪ್ರಯಾಣ. ಎರಡು ಸಲ ಓದಿದೆ. ಆದರೆ ಒಂದು ಸಾಲಿನ ಹತ್ತಿರ ಎರಡು ಸಲವೂ ನಿಂತೆ. ಆಗಸ್ಟ್‌ನಲ್ಲಿ ಪೆರುವಿನ ಕಯಾವೋ ಬಂದರಿಗೆ ಹೋಗುತ್ತೀರಿ, ಭೂಮಧ್ಯರೇಖೆಯಿಂದ ಬರೀ 12 ಡಿಗ್ರಿ, ಸೆಕೆ ಜಾಸ್ತಿ ಇರುತ್ತೆ, ಅದಕ್ಕೆ ತೆಳು ಬಟ್ಟೆ ಮಾತ್ರ ತುಂಬಿಕೊಂಡಿದ್ದೇನೆ ಅಂತ ಬರೆದಿದ್ದೀಯ. ಬೇಡ ಮಗಳೇ, ಒಂದು ದಪ್ಪ ಸ್ವೆಟರ್ ಇಟ್ಟುಕೋ.

ನಾನೂ ನಿನ್ನ ವಯಸ್ಸಿನಲ್ಲಿ ನಕ್ಷೆ ನೋಡಿ ಇದೇ ಲೆಕ್ಕ ಹಾಕಿದ್ದೆ. ಬಂದರು ಇನ್ನೂ ಒಂದು ದಿನದ ದಾರಿ ಇತ್ತು. ಬೆಳಗ್ಗೆ ಡೆಕ್ ಮೇಲೆ ಬಂದರೆ ಸೂರ್ಯನೇ ಇಲ್ಲ. ಆಕಾಶ ಬೂದಿ ಬಣ್ಣ. ಕಂಬಿ ಮೇಲೆ ಕೈ ಇಟ್ಟರೆ ಅಂಗೈ ಪೂರ್ತಿ ಒದ್ದೆ, ಆದರೆ ಮಳೆ ಬಂದಿರಲಿಲ್ಲ. ಕ್ಯಾನ್ವಾಸ್ ಬಕೆಟ್ ಇಳಿಸಿ ನೀರು ಎತ್ತಿದೆವು. ಥರ್ಮಾಮೀಟರ್ 16 ಡಿಗ್ರಿ ತೋರಿಸಿತು. ನಾನು ನಂಬಲಿಲ್ಲ, ಇನ್ನೊಂದು ಸಲ ಎತ್ತಿದೆ. ಮತ್ತೆ 16. ಹೆಚ್ಚು ಕಡಿಮೆ ಅದೇ ಅಕ್ಷಾಂಶದಲ್ಲಿ, ಖಂಡದ ಆಚೆ ಬದಿಯಲ್ಲಿ, ಬ್ರೆಜಿಲ್‌ನ ಸಾಲ್ವಡಾರ್ ಇದೆ. ಅಲ್ಲಿ ಅದೇ ತಿಂಗಳಲ್ಲಿ ಸಮುದ್ರ ಸುಮಾರು 25 ಡಿಗ್ರಿ ಇರುತ್ತೆ. ಒಂದೇ ಸೂರ್ಯ, ಒಂದೇ ಅಕ್ಷಾಂಶ. ವ್ಯತ್ಯಾಸ ನೀರಿನದು.

ಸಾಲ್ವಡಾರ್ ಮುಂದೆ ಹರಿಯುವ ನೀರು ಉಷ್ಣವಲಯದ್ದು. ಪೆರುವಿನ ಮುಂದಿನದು ದಕ್ಷಿಣದ ತಣ್ಣನೆಯ ಕಡಲಿನಿಂದ, ಚಿಲಿಯ ದಡ ಹಿಡಿದು ಉತ್ತರಕ್ಕೆ ಬರುತ್ತೆ. ಅದಕ್ಕೆ ಹಂಬೋಲ್ಟ್ ಪ್ರವಾಹ ಅನ್ನುತ್ತಾರೆ. ಜರ್ಮನಿಯ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1802ರಲ್ಲಿ ಅಲ್ಲಿಯ ನೀರಿನ ತಾಪ ಅಳೆದ. ಆದರೆ ತನ್ನ ಹೆಸರು ಅದಕ್ಕೆ ಅಂಟಿದ್ದು ಅವನಿಗೆ ಸರಿ ಅನ್ನಿಸಲಿಲ್ಲ. ಅಲ್ಲಿನ ಮೀನುಗಾರರ ಮಕ್ಕಳಿಗೂ ಗೊತ್ತಿದ್ದ ಸಂಗತಿ ಅದು ಅಂತ ಹೇಳಿದ. ಅವನ ಈ ಮಾತಿಗೇ ನನಗೆ ಅವನ ಮೇಲೆ ಗೌರವ.

ಇನ್ನೊಂದು ಸಂಗತಿ ಇದೆ, ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೋ. ಆ ಚಳಿ ಬರೀ ದಕ್ಷಿಣದಿಂದ ಬಂದದ್ದಲ್ಲ, ಕೆಳಗಿನಿಂದಲೂ ಬಂದದ್ದು. ನಾರ್ವೆಯ ಅನ್ವೇಷಕ ನಾನ್ಸೆನ್ 1893ರಲ್ಲಿ ಫ್ರಾಮ್ ಹಡಗನ್ನು ಬೇಕಂತಲೇ ಆರ್ಕ್ಟಿಕ್ ಮಂಜುಗಡ್ಡೆಗೆ ಸಿಕ್ಕಿಸಿ ಅದರ ಜೊತೆ ತೇಲಿ ಹೋದ. ಗಡ್ಡೆ ಗಾಳಿಯ ದಿಕ್ಕಿಗೇ ಹೋಗದೆ ಸ್ವಲ್ಪ ಬಲಕ್ಕೆ ಸರಿಯುವುದನ್ನು ಕಂಡ. ಭೂಮಿ ತಿರುಗುವುದೇ ಇದಕ್ಕೆ ಕಾರಣ ಅಂತ ಎಕ್‌ಮನ್ ಎಂಬ ತರುಣ ಲೆಕ್ಕ ಮಾಡಿ ತೋರಿಸಿದ. ದಕ್ಷಿಣಾರ್ಧದಲ್ಲಿ ನೀರು ಎಡಕ್ಕೆ ಸರಿಯುತ್ತೆ. ಪೆರುವಿನ ದಡದಲ್ಲಿ ಗಾಳಿ ದಕ್ಷಿಣದಿಂದ ಉತ್ತರಕ್ಕೆ ಬೀಸುತ್ತೆ. ಎಡಕ್ಕೆ ಅಂದರೆ ಪಶ್ಚಿಮಕ್ಕೆ, ದಡದಿಂದ ದೂರಕ್ಕೆ. ಮೇಲಿನ ನೀರು ಹೀಗೆ ಹೊರಗೆ ಹೋದರೆ ಆ ಜಾಗ ತುಂಬಲು ಆಳದ ತಣ್ಣೀರು ಮೇಲೆ ಬರಲೇಬೇಕು, ಅಲ್ವಾ? ನಿನ್ನ ಬಕೆಟ್‌ಗೆ ಸಿಗುವುದು ಆ ನೀರು.

ಕಡಲ ಪಕ್ಕದಲ್ಲೇ ಮರುಭೂಮಿ ಇರುವುದಕ್ಕೂ ಇದರ ಪಾಲು ದೊಡ್ಡದು. ತಣ್ಣನೆಯ ನೀರು ತನಗೆ ತಾಗಿದ ಗಾಳಿಯನ್ನು ತಣ್ಣಗೆ ಮಾಡುತ್ತೆ. ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂತಿರುತ್ತೆ. ಕೆಳಗಿನ ಭಾರದ ಗಾಳಿ ಏರಲಾರದು, ಏರದೆ ಮಳೆಯಾಗದು. ಮೋಡ ಮತ್ತು ಮಂಜು ಅಲ್ಲೇ ತಗ್ಗಿನಲ್ಲಿ ನಿಂತುಬಿಡುತ್ತವೆ. ಪೆರುವಿನ ರಾಜಧಾನಿ ಲಿಮಾದಲ್ಲಿ ತಿಂಗಳುಗಟ್ಟಲೆ ಮೋಡ ಮುಚ್ಚಿರುತ್ತೆ, ಆದರೂ ಸಾಮಾನ್ಯ ವರ್ಷದಲ್ಲಿ 20 ಮಿಲಿಮೀಟರ್ ಮಳೆಯೂ ಆಗುವುದಿಲ್ಲ. ಇನ್ನೂ ದಕ್ಷಿಣಕ್ಕೆ ಚಿಲಿಯ ಅರಿಕಾದಲ್ಲಿ 1903ರ ಅಕ್ಟೋಬರ್‌ನಿಂದ 1918ರ ಜನವರಿವರೆಗೆ, ಹದಿನಾಲ್ಕು ವರ್ಷಕ್ಕೂ ಹೆಚ್ಚು ಕಾಲ, ಮಳೆಯೇ ಬರಲಿಲ್ಲ. ಕಡಲು ಕಣ್ಣೆದುರೇ ಇದೆ! ಅದೇ ದೇಶದ ಚುಂಗುಂಗೊ ಎಂಬ ಮೀನುಗಾರರ ಹಳ್ಳಿಗೆ 1990ರ ದಶಕದಲ್ಲಿ ಬೆಟ್ಟದ ಮೇಲೆ ಬಲೆ ಕಟ್ಟಿ, ಮಂಜಿನಿಂದ ಹನಿ ಹನಿ ಹಿಡಿದು ಕುಡಿಯುವ ನೀರು ಕೊಟ್ಟರು. ಆಫ್ರಿಕಾದ ನಮೀಬ್ ಮರುಭೂಮಿಯಲ್ಲೂ ಇದೇ ಕಥೆ, ಅಲ್ಲಿ ಬೆಂಗುವೇಲಾ ಪ್ರವಾಹ. ಅಲ್ಲಿನ ಒಂದು ಜೀರುಂಡೆ ಮರಳ ದಿಬ್ಬದ ಮೇಲೆ ತಲೆ ಕೆಳಗೆ ಮಾಡಿ ನಿಲ್ಲುತ್ತೆ. ಬೆನ್ನ ಮೇಲೆ ಕೂತ ಮಂಜು ಹನಿಯಾಗಿ ಬಾಯಿಗೆ ಇಳಿಯುತ್ತೆ.

ಇಷ್ಟು ಓದಿ ಎಲ್ಲವನ್ನೂ ಪ್ರವಾಹದ ತಲೆಗೆ ಕಟ್ಟಬೇಡ. ನಾನು ಬಹಳ ವರ್ಷ ಆ ತಪ್ಪು ಮಾಡಿದೆ. ನಾರ್ವೆಯ ಬರ್ಗನ್ 60 ಡಿಗ್ರಿ ಉತ್ತರದಲ್ಲಿದೆ, ಚಳಿಗಾಲದಲ್ಲೂ ಅಲ್ಲಿಯ ಬಂದರು ಹೆಪ್ಪುಗಟ್ಟುವುದಿಲ್ಲ. ಅಟ್ಲಾಂಟಿಕ್‌ನ ಆಚೆ ಬದಿ, ಕೆನಡಾದ ಲ್ಯಾಬ್ರಡಾರ್‌ನ ನೇನ್ ಅದಕ್ಕಿಂತ ದಕ್ಷಿಣಕ್ಕೇ ಇದೆ, ಅಲ್ಲಿ ಕಡಲೇ ಗಟ್ಟಿಯಾಗುತ್ತೆ. ಎಲ್ಲಾ ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚಗಿನ ಪ್ರವಾಹದ ಮಹಿಮೆ ಅಂತ ಸುಮ್ನೆ ಹೇಳುತ್ತಿದ್ದೆ. ಅದರ ಪಾಲು ಇದೆ, ನಿಜ. ಆದರೆ ಅಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತೆ. ನಾರ್ವೆಗೆ ಅದು ಕಡಲು ದಾಟಿ, ಬೇಸಿಗೆಯಲ್ಲಿ ಕಡಲು ಕೂಡಿಟ್ಟ ಬಿಸಿ ಹೊತ್ತು ಬರುತ್ತೆ. ಲ್ಯಾಬ್ರಡಾರ್‌ಗೆ ಬರುವುದು ಹೆಪ್ಪುಗಟ್ಟಿದ ನೆಲದ ಮೇಲಿಂದ. ಆದ್ದರಿಂದ ಯಾವ ದಡಕ್ಕೆ ಹೋದರೂ ಎರಡು ಕೇಳು: ಈ ನೀರು ಎಲ್ಲಿಂದ ಬಂತು? ಗಾಳಿ ಯಾವ ಕಡೆಯಿಂದ ಬೀಸುತ್ತಿದೆ?

ಪ್ರವಾಹ ಯಾವಾಗಲೂ ಒಂದೇ ತರಹ ಇರುತ್ತೆ ಅಂತಲೂ ನಂಬಬೇಡ. ಸೋಮಾಲಿಯಾ ತೀರದಲ್ಲಿ ಅದು ಮಾನ್ಸೂನ್ ಜೊತೆ ದಿಕ್ಕನ್ನೇ ಬದಲಿಸುತ್ತೆ, ವರ್ಷಕ್ಕೆ ಎರಡು ಸಲ. ನೀನು ಹೋಗುವ ಪೆರುವಿನಲ್ಲೇ 2017ರ ಆರಂಭದಲ್ಲಿ ದಡದ ನೀರು ಬಿಸಿಯಾಯಿತು. ಆ ಒಣ ನೆಲದಲ್ಲಿ ಮಳೆ ಸುರಿಯಿತು, ನೆರೆ ಬಂದು ಮನೆಗಳು ಕೊಚ್ಚಿಹೋದವು. ಹಳೆಯ ದಾಖಲೆ ಓದು, ಆದರೆ ಈ ದಿನದ ನೀರನ್ನೂ ಅಳೆ.

ಅಳೆಯುವಾಗ ಒಂದು ಎಚ್ಚರ. ಬಕೆಟ್ ಮೇಲೆ ಬಂದ ತಕ್ಷಣ ನೆರಳಿಗೆ ತಂದು, ಥರ್ಮಾಮೀಟರ್ ನೀರಲ್ಲೇ ಇರುವಾಗ ಓದು. ನಾನು ಒಮ್ಮೆ ಯಾರ ಜೊತೆಗೋ ಮಾತಾಡುತ್ತಾ ನಿಂತೆ. ಗಾಳಿಗೆ ನೀರು ಆರಿ ತಾಪ ಇಳಿದಿತ್ತು, ಆ ತಪ್ಪು ಅಂಕಿಯನ್ನೇ ಪುಸ್ತಕದಲ್ಲಿ ಬರೆದೆ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತೆ. ನಿಮ್ಮ ಹಡಗಿನಲ್ಲಿ ಎಂಜಿನ್ ಕೋಣೆಯ ಯಂತ್ರವೇ ಅಂಕಿ ಕೊಡುತ್ತಿರಬಹುದು. ಆದರೂ ಒಂದು ಸಲ ನಿನ್ನ ಕೈಯಾರೆ ನೀರು ಎತ್ತು, ಬೆರಳು ಅದ್ದಿ ನೋಡು.

ಕಯಾವೋ ಮುಟ್ಟುವ ಹಿಂದಿನ ಬೆಳಗ್ಗೆ ಎಷ್ಟು ಡಿಗ್ರಿ ಇತ್ತು ಅಂತ ನನಗೆ ಬರೆ. ಗಾಳಿಯ ದಿಕ್ಕನ್ನೂ ಪಕ್ಕದಲ್ಲಿ ಹಾಕು. ನನ್ನ ಹಳೆಯ ನೋಟ್‌ಬುಕ್‌ನಲ್ಲಿ ಆ ಪುಟ ಇದೆ, ಅದರ ಕೆಳಗೇ ನಿನ್ನದನ್ನು ಬರೆದಿಡುತ್ತೇನೆ.

ನಿನ್ನ ಸೋದರಮಾವ